ಕಲಬುರಗಿ ಬಿಸಿಲಿಗೊಂದು ಲೇಸರ್ ಪ್ರೊಜೆಕ್ಟರ್: ಪೆಟ್ಟಿಗೆಯೊಳಗೆ ಯಾವುದು ಎಲ್ಲಿರಬೇಕು?

ಲೇಸರ್ ಡಯೋಡ್‌ನ ಮಾಹಿತಿ ಹಾಳೆಯಲ್ಲಿ ಹೆಚ್ಚುಕಡಿಮೆ ಎಲ್ಲ ಅಂಕಿಗಳೂ 25 ಡಿಗ್ರಿ ಸೆಲ್ಸಿಯಸ್‌ಗೆ ಅಳೆದವು. ಕಲಬುರಗಿಯಲ್ಲಿ ಮೇ ತಿಂಗಳ ನಸುಕಿನಲ್ಲೂ ಅಷ್ಟು ತಂಪು ಸಿಗುವುದು ಅಪರೂಪ. ಮಧ್ಯಾಹ್ನ ಪಾದರಸ 42–43 ಮುಟ್ಟಿದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಈ ಬಿಸಿಲಿನ ಕಾರಣಕ್ಕೇ ಏಪ್ರಿಲ್–ಮೇನಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿಯಿದೆ. ಇಂಥ ಊರಿನಲ್ಲಿ ಮನೆಯಲ್ಲೇ ಲೇಸರ್ ಪ್ರೊಜೆಕ್ಟರ್ ಕಟ್ಟಲು ಕೂತವರು ಮೊದಲು ಕೇಳಿಕೊಳ್ಳಬೇಕಾದದ್ದು ಯಾವ ಡಯೋಡ್ ಕೊಳ್ಳಲಿ ಎಂದಲ್ಲ, ಕೊಂಡದ್ದನ್ನು ಪೆಟ್ಟಿಗೆಯೊಳಗೆ ಎಲ್ಲಿ ಕೂರಿಸಲಿ ಎಂದು. ತೂತು ಕೊರೆಯುವ ಮೊದಲೇ ಇದು ತೀರ್ಮಾನವಾಗಬೇಕು. ಆಮೇಲೆ ಸರಿಪಡಿಸುವುದು ಬಹಳ ಕಷ್ಟ.

ಪೆಟ್ಟಿಗೆಯೊಳಗೆ ಇರುವುದು ಇಷ್ಟು: ಕೆಂಪು, ಹಸಿರು, ನೀಲಿ ಡಯೋಡ್‌ಗಳು, ಮೂರೂ ಕಿರಣಗಳನ್ನು ಒಂದಾಗಿಸುವ ಡೈಕ್ರೊಯಿಕ್ ಕನ್ನಡಿಗಳು, ಆ ಒಂದು ಕಿರಣವನ್ನು ಅಡ್ಡಕ್ಕೂ ಉದ್ದಕ್ಕೂ ಓಡಿಸಿ ಗೋಡೆಯ ಮೇಲೆ ಚಿತ್ರ ಬಿಡಿಸುವ ಗ್ಯಾಲ್ವೊ ಎಂಬ ಕನ್ನಡಿ ಹೊತ್ತ ಎರಡು ಪುಟ್ಟ ಮೋಟಾರುಗಳು, ಡಯೋಡ್‌ಗೂ ಗ್ಯಾಲ್ವೊಗೂ ಬೇರೆ ಬೇರೆ ಡ್ರೈವರ್ ಬೋರ್ಡ್‌ಗಳು, ಇವಕ್ಕೆಲ್ಲ ಕರೆಂಟು ಕೊಡುವ ಎಸ್‌ಎಂಪಿಎಸ್‌ಗಳು, ಒಂದೆರಡು ಫ್ಯಾನು. ಇವುಗಳ ಬೇಡಿಕೆಗಳು ಒಂದಕ್ಕೊಂದು ಹೊಂದುವುದಿಲ್ಲ. ಶಾಖ ಹೊರಹೋಗಲು ಪೆಟ್ಟಿಗೆ ತೆರೆದಿರಬೇಕು. ವಿದ್ಯುತ್ ನಾಯ್ಸ್ ಒಂದರಿಂದ ಇನ್ನೊಂದಕ್ಕೆ ಹರಡದಿರಲು ಲೋಹದ ಗೋಡೆಗಳು ಬೇಕು, ನಡುವೆ ಅಂತರವೂ ಬೇಕು. ಬೇಸಿಗೆ ಗಾಳಿಗೆ ಏಳುವ ಎರೆಮಣ್ಣಿನ ದೂಳು ಕನ್ನಡಿಯ ಮೇಲೆ ಕೂರದಿರಲು ಪೆಟ್ಟಿಗೆ ಪೂರಾ ಮುಚ್ಚಿರಬೇಕು. ಒಂದನ್ನು ಒಲಿಸಿಕೊಳ್ಳಲು ಹೋದರೆ ಇನ್ನೊಂದು ಮುನಿಯುತ್ತದೆ. ಈ ಜಗಳ ಬಿಡಿಸಲು ಲೇಸರ್ ಕಟ್ಟುವವರು ಹಲವು ದಾರಿ ಹಿಡಿದಿದ್ದಾರೆ. ಅವುಗಳಲ್ಲಿ ನಮ್ಮ ಬಿಸಿಲಿಗೆ ಯಾವುದು ತಾಳುತ್ತದೆ ಎಂದು ನೋಡುವುದು ಈ ಲೇಖನದ ಕೆಲಸ.

ಲೇಸರ್ ಪ್ರದರ್ಶನದ ಚರಿತ್ರೆಯ ಬಹುಪಾಲು ಶಾಖದ ಚರಿತ್ರೆಯೇ. 1973ರ ನವೆಂಬರಿನಲ್ಲಿ ಲಾಸ್ ಏಂಜಲೀಸ್‌ನ ಗ್ರಿಫಿತ್ ವೀಕ್ಷಣಾಲಯದಲ್ಲಿ ಐವನ್ ಡ್ರೈಯರ್ 'ಲೇಸೇರಿಯಂ' ಎಂಬ ಪ್ರದರ್ಶನ ಶುರುಮಾಡಿದಾಗ ಬಳಸಿದ್ದು ಕ್ರಿಪ್ಟಾನ್ ಅನಿಲದ ಲೇಸರ್. ಆರ್ಗಾನ್, ಕ್ರಿಪ್ಟಾನ್ ಕೊಳವೆಗಳಿಗೆ ಕೊಟ್ಟ ವಿದ್ಯುತ್ತಿನಲ್ಲಿ ಸಾವಿರಕ್ಕೆ ಒಂದು ಪಾಲು ಬೆಳಕಾದರೆ ಹೆಚ್ಚು, ಉಳಿದದ್ದೆಲ್ಲ ಬಿಸಿ. ದೊಡ್ಡ ಕೊಳವೆಗಳಿಗೆ ನಲ್ಲಿ ನೀರು ಸತತವಾಗಿ ಹರಿಯುತ್ತಿರಬೇಕಿತ್ತು. ಮನೆಯಲ್ಲಿ ಕಟ್ಟುವ ಮಾತು ಆಗ ಬಹುಮಂದಿಗೆ ದೂರ. ಅದು ಹತ್ತಿರವಾದದ್ದು 2010ರ ನಂತರ. ಆ ವರ್ಷ ಕ್ಯಾಸಿಯೊ ಕಂಪನಿ ಪಾದರಸದ ದೀಪವಿಲ್ಲದ ವಿಡಿಯೊ ಪ್ರೊಜೆಕ್ಟರ್‌ಗಳನ್ನು ಮಾರುಕಟ್ಟೆಗೆ ತಂದಿತು. ಅವುಗಳೊಳಗಿನ 445 ನ್ಯಾನೊಮೀಟರ್ ನೀಲಿ ಡಯೋಡ್‌ಗಳನ್ನು ಕಿತ್ತು ಹವ್ಯಾಸಿಗಳು ತಮ್ಮ ಯಂತ್ರಗಳಿಗೆ ಹಾಕಿಕೊಂಡರು. ಬೆರಳ ತುದಿಯಷ್ಟು ಸಣ್ಣ ವಸ್ತುವಿನಿಂದ ಒಂದು ವ್ಯಾಟ್ ಬೆಳಕು. ನೀರು ಬೇಡವಾಯಿತು. ಇನ್ನು ಶಾಖದ ಚಿಂತೆಯಿಲ್ಲ ಎಂಬ ನಂಬಿಕೆಯೂ ಜೊತೆಯಲ್ಲೇ ಹುಟ್ಟಿತು. ತಂಪು ದೇಶಗಳಲ್ಲಿ ಅದು ಅರ್ಧ ನಿಜ, ಇಲ್ಲಿ ಅಲ್ಲ.

ಲೆಕ್ಕ ಹಾಕಿ ನೋಡೋಣ. ಒಟ್ಟು 2 ವ್ಯಾಟ್ ಬೆಳಕಿನ ಮೂರು ಬಣ್ಣದ ಯಂತ್ರವೊಂದನ್ನು ಇಟ್ಟುಕೊಳ್ಳೋಣ. ನೀಲಿ ಡಯೋಡ್ ಪಡೆದ ವಿದ್ಯುತ್ತಿನ ಮೂರನೇ ಒಂದು ಭಾಗದಷ್ಟನ್ನು ಬೆಳಕು ಮಾಡುತ್ತದೆ, ಕೆಂಪು ಅದಕ್ಕಿಂತ ತುಸು ಕಡಿಮೆ, 520 ನ್ಯಾನೊಮೀಟರ್‌ನ ಹಸಿರು ಆರನೇ ಒಂದು ಭಾಗದ ಆಸುಪಾಸು. ಮೂರೂ ಸೇರಿ ಬಿಸಿಯಾಗಿ ಬಿಡುವುದು 6–7 ವ್ಯಾಟ್ ಅಷ್ಟೇ. ಡ್ರೈವರ್ ಬೋರ್ಡ್‌ಗಳ ಕಥೆ ಬೇರೆ. 12 ವೋಲ್ಟಿನ ಸಪ್ಲೈಯಿಂದ ಸಾದಾ ಲೀನಿಯರ್ ಡ್ರೈವರ್ ಮೂಲಕ ಕೆಂಪು ಡಯೋಡ್‌ಗೆ 1 ಆಂಪಿಯರ್ ಹರಿಸಿದರೆ, ಡಯೋಡ್‌ಗೆ ಬೇಕಾದ 2.4 ವೋಲ್ಟ್ ಬಿಟ್ಟು ಉಳಿದ 9.6 ವೋಲ್ಟ್ ಡ್ರೈವರ್‌ನಲ್ಲೇ ಉರಿದುಹೋಗುತ್ತದೆ. ಎಂದರೆ 9.6 ವ್ಯಾಟ್ ಶಾಖ. ಮೂರು ಬಣ್ಣಕ್ಕೂ ಸೇರಿ 20 ವ್ಯಾಟ್. ಗ್ಯಾಲ್ವೊ ಡ್ರೈವರ್‌ಗಳು, ಮೋಟಾರುಗಳು, ಎಸ್‌ಎಂಪಿಎಸ್‌ಗಳ ನಷ್ಟ ಸೇರಿದರೆ ಪೆಟ್ಟಿಗೆಯ ಒಟ್ಟು ಬಿಸಿ 70 ವ್ಯಾಟ್ ಹತ್ತಿರ ಬರುತ್ತದೆ. ಇದರಲ್ಲಿ ಡಯೋಡ್‌ಗಳ ಪಾಲು ಹತ್ತನೇ ಒಂದು ಭಾಗ. ಬಿಸಿ ಹುಟ್ಟಿಸುವುದು ಒಂದು, ಆ ಬಿಸಿಗೆ ಸೊರಗುವುದು ಇನ್ನೊಂದು. ನನ್ನ ಮಟ್ಟಿಗೆ ಇಡೀ ಜೋಡಣೆಯ ತಿರುಳು ಇದೇ: ಇವೆರಡನ್ನೂ ಒಂದೇ ತಗಡಿನ ಮೇಲೆ ಕೂರಿಸಬಾರದು.

ಆದ್ದರಿಂದ ಮೊದಲ ತಂಪು ಫ್ಯಾನಿನಿಂದಲ್ಲ, ವೋಲ್ಟೇಜ್ ಆಯ್ಕೆಯಿಂದ ಬರಬೇಕು. ಕೆಂಪಿಗೆ 12ರ ಬದಲು 5 ವೋಲ್ಟಿನ ಬೇರೆ ಸಪ್ಲೈ ಕೊಟ್ಟರೆ ಆ 9.6 ವ್ಯಾಟ್ 2.6ಕ್ಕೆ ಇಳಿಯುತ್ತದೆ. ಒಂದು ಪುಟ್ಟ ಎಸ್‌ಎಂಪಿಎಸ್‌ನ ಖರ್ಚಿನಲ್ಲಿ ಏಳು ವ್ಯಾಟ್ ಶಾಖ ಹುಟ್ಟುವುದೇ ಇಲ್ಲ. ಹುಟ್ಟಿದ ಶಾಖವನ್ನು ಓಡಿಸುವುದಕ್ಕಿಂತ ಇದು ಎಷ್ಟೋ ಮೇಲು. ಲೀನಿಯರ್ ಡ್ರೈವರನ್ನೇ ಬಿಟ್ಟು ಸ್ವಿಚಿಂಗ್ ಡ್ರೈವರ್ ಹಾಕಿ ನಷ್ಟ ಉಳಿಸಿ ಎನ್ನುವವರಿದ್ದಾರೆ. ಶಾಖದ ಲೆಕ್ಕದಲ್ಲಿ ಅವರ ಮಾತು ಸರಿ. ಆದರೆ ಅದು ತಾನೇ ಒಂದು ನಾಯ್ಸ್ ಮೂಲ. ಬೆಳಕನ್ನು ಸೆಕೆಂಡಿಗೆ ಸಾವಿರಾರು ಸಲ ಏರಿಸಿ ಇಳಿಸುವ ಕೆಲಸಕ್ಕೆ ಅದರ ವೇಗವೂ ಹಲವು ಬಾರಿ ಸಾಲದು. ಕಡಿಮೆ ವೋಲ್ಟಿನ ಸಪ್ಲೈ, ಅದರ ಮುಂದೆ ಲೀನಿಯರ್ ಡ್ರೈವರ್ ಎಂಬ ಜೋಡಿಯೇ ನನಗೆ ಒಪ್ಪಿಗೆ.

ಮೂರು ಬಣ್ಣಗಳಲ್ಲಿ ಬಿಸಿಗೆ ಮೊದಲು ಸೋಲುವುದು ಕೆಂಪು. 638 ನ್ಯಾನೊಮೀಟರ್‌ನ ಕೆಂಪು ಡಯೋಡ್‌ನೊಳಗೆ ಎಲೆಕ್ಟ್ರಾನುಗಳನ್ನು ಬೆಳಕು ಹುಟ್ಟುವ ಪದರದಲ್ಲಿ ಹಿಡಿದಿಡುವ ತಡೆ ಗಿಡ್ಡ. ಬಿಸಿ ಏರಿದಂತೆ ಎಲೆಕ್ಟ್ರಾನುಗಳು ಆ ತಡೆ ದಾಟಿ ಸೋರುತ್ತವೆ, ಬೆಳಕಾಗುವ ಬದಲು ಬಿಸಿಯಾಗುತ್ತವೆ, ಆ ಬಿಸಿ ಇನ್ನಷ್ಟು ಸೋರಿಕೆಗೆ ದಾರಿಯಾಗುತ್ತದೆ. ನೀಲಿಗೆ ಈ ದೌರ್ಬಲ್ಯ ಬಹಳ ಕಡಿಮೆ. ಹಾಗಾಗಿ ಸಂಜೆ ಬಿಳಿಯಾಗಿ ಕಂಡ ಗೆರೆ ಅರ್ಧ ಗಂಟೆಯಲ್ಲಿ ಹಸಿರು-ನೀಲಿಗೆ ತಿರುಗುತ್ತದೆ. ನೋಡಿದವರು ಕೆಂಪಿನ ಕರೆಂಟು ಹೆಚ್ಚಿಸಲು ಹೋಗುತ್ತಾರೆ. ಅಲ್ಲಿಗೆ ಡಯೋಡ್‌ನ ಆಯುಷ್ಯ ಮುಗಿಯಿತು. ಮಾಡಬೇಕಾದದ್ದು ಇದರ ತಿರುಗಾಮುರುಗ: ನೀಲಿ, ಹಸಿರು ತಗ್ಗಿಸಿ ಕೆಂಪಿಗೆ ಹೊಂದಿಸಬೇಕು. ಅದಕ್ಕಿಂತ ಮುಂಚೆ ಕೆಂಪು ಡಯೋಡ್‌ಗೆ ಪೆಟ್ಟಿಗೆಯ ಅತಿ ತಂಪಾದ ಜಾಗ, ಎಂದರೆ ಹೊರಗಾಳಿ ಮೊದಲು ಮುಟ್ಟುವ ಹೀಟ್‌ಸಿಂಕ್‌ನ ಬೆನ್ನು, ಮೀಸಲಾಗಬೇಕು. ದಕ್ಷತೆ ಕಡಿಮೆಯಿರುವುದರಿಂದ ಹೆಚ್ಚು ಬಿಸಿ ಬಿಡುವ ಹಸಿರು, ಗಾಳಿ ಹೊರಬೀಳುವ ಕೊನೆಯಲ್ಲಿರಲಿ. ಕನ್ನಡಿಗಳ ಕ್ರಮವನ್ನು ಇದಕ್ಕೆ ಹೊಂದಿಸಿಕೊಳ್ಳಬಹುದು. ಬಹುತೇಕರು ಕನ್ನಡಿ ಮೊದಲಿಟ್ಟು ಆಮೇಲೆ ತಂಪು ಹುಡುಕುತ್ತಾರೆ.

ಜೋಡಣೆಯ ರೂಢಿಗಳನ್ನು ನೋಡಿದರೆ ಅತಿ ಸಾಮಾನ್ಯವಾದದ್ದು ಒಂದೇ ತಟ್ಟೆಯ ಪದ್ಧತಿ. ಒಂದು ಅಲ್ಯೂಮಿನಿಯಂ ತಗಡು, ಮುಂದೆ ಗ್ಯಾಲ್ವೊ, ನಡುವೆ ಲೇಸರ್‌ಗಳು, ಹಿಂದೆ ಸಪ್ಲೈಗಳು, ಹಿಂಗೋಡೆಯಲ್ಲಿ ಫ್ಯಾನು. ಅಗ್ಗದ ಸಿದ್ಧ ಯಂತ್ರಗಳು ಬರುವುದೂ ಹೀಗೆಯೇ. ಫ್ಯಾನು ಎಳೆದ ದೂಳೆಲ್ಲ ಕನ್ನಡಿಗಳ ಮೇಲಿಂದ ಹಾದುಹೋಗುತ್ತದೆ, ಸಪ್ಲೈ ಕಾದ ತಗಡೇ ಡಯೋಡ್‌ನ ಹೀಟ್‌ಸಿಂಕ್ ಆಗುತ್ತದೆ. ನಮ್ಮ ಊರಿಗೆ ಇದು ಬೇಡ.

ಎರಡು ಅಂತಸ್ತಿನ ಪದ್ಧತಿ ಇದಕ್ಕಿಂತ ಉತ್ತಮ. 10–12 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಲಗೆ ನಡುವಿನ ನೆಲ, ಮೇಲಿನ ಕೋಣೆಯಲ್ಲಿ ಡಯೋಡ್, ಕನ್ನಡಿ, ಗ್ಯಾಲ್ವೊ, ಕೆಳಗೆ ಎಲೆಕ್ಟ್ರಾನಿಕ್ಸ್. ಮೇಲಿನ ಕೋಣೆ ರಬ್ಬರ್ ಪಟ್ಟಿ ಹಾಕಿ ಮುಚ್ಚಿದ್ದು, ದೂಳಿಗೆ ಪ್ರವೇಶವಿಲ್ಲ. ಲೋಹದ ಹಲಗೆ ನಾಯ್ಸ್‌ಗೂ ಗೋಡೆಯಾಗುತ್ತದೆ. ಇದರಲ್ಲೂ ಒಂದು ದೋಷವಿದೆ: ಬಿಸಿ ಮೇಲೇರುತ್ತದೆ, ಕೆಳಗಿನ ಕೋಣೆಯ ಚಾವಣಿಯೇ ಡಯೋಡ್‌ಗಳ ನೆಲ. ಕಲಬುರಗಿಯ ಮಾಳಿಗೆ ಮನೆಗಳಲ್ಲಿ ಬೇಸಿಗೆ ಕಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಆದ್ದರಿಂದ ಹಲಗೆಯನ್ನು ಮಲಗಿಸದೆ ನಿಲ್ಲಿಸಿ, ಎರಡು ಕೋಣೆಗಳನ್ನು ಅಕ್ಕಪಕ್ಕ ಮಾಡುವ ಮೂರನೇ ಪದ್ಧತಿಯನ್ನು ನಾನು ಹೆಚ್ಚು ಮೆಚ್ಚುತ್ತೇನೆ. ಎಲೆಕ್ಟ್ರಾನಿಕ್ಸ್ ಕೋಣೆಗೆ ಕೆಳಗಿನಿಂದ ಗಾಳಿ ಬಂದು ಮೇಲಿನಿಂದ ಹೋಗುತ್ತದೆ. ಡಯೋಡ್‌ಗಳ ಹೀಟ್‌ಸಿಂಕ್ ರೆಕ್ಕೆಗಳು ಇನ್ನೊಂದು ಬದಿಯಲ್ಲಿ ಪೆಟ್ಟಿಗೆಯ ಹೊರಗೇ ಚಾಚಿರುತ್ತವೆ. ಸಪ್ಲೈಗಳನ್ನೇ ಬೇರೆ ಪೆಟ್ಟಿಗೆಯಲ್ಲಿಟ್ಟು ದಪ್ಪ ಕೇಬಲ್ಲಿನಿಂದ ಜೋಡಿಸುವುದು ನಾಲ್ಕನೆಯದು. ಶಾಖಕ್ಕೂ ನಾಯ್ಸ್‌ಗೂ ಎಲ್ಲಕ್ಕಿಂತ ಒಳ್ಳೆಯದು. ಆದರೆ ಸಾಗಿಸುವಾಗ ಎರಡು ಪೆಟ್ಟಿಗೆ, ಒಂದು ಹೆಚ್ಚುವರಿ ಕನೆಕ್ಟರ್. ಗ್ಯಾಲ್ವೊ ತಟ್ಟನೆ ಎಳೆಯುವ ಹಲವು ಆಂಪಿಯರ್‌ಗೆ ಆ ಕೇಬಲ್ ಸಣಕಲಾಗಿದ್ದರೆ ಚಿತ್ರದ ಮೂಲೆಗಳು ದುಂಡಗಾಗುತ್ತವೆ.

ಹಲಗೆ ದಪ್ಪವಿರಬೇಕು ಎನ್ನುವುದಕ್ಕೆ ಶಾಖ ಹರಡುವುದಷ್ಟೇ ಕಾರಣವಲ್ಲ. ಎಲ್ಲ ಕಡೆ ಸಮನಾಗಿ ಬಿಸಿಯಾದರೆ ಅಲ್ಯೂಮಿನಿಯಂ ಹಿಗ್ಗುತ್ತದೆ, ಕಿರಣಗಳ ಹೊಂದಾಣಿಕೆ ಹೆಚ್ಚು ಕೆಡುವುದಿಲ್ಲ. ಒಂದು ಮೂಲೆ ಮಾತ್ರ ಕಾದರೆ ಹಲಗೆ ಬಾಗುತ್ತದೆ. ಕನ್ನಡಿಯೊಂದು ಒಂದು ರೇಡಿಯನ್ನಿನ ಹತ್ತುಸಾವಿರದಲ್ಲಿ ಒಂದು ಪಾಲು ಓರೆಯಾದರೂ ಪ್ರತಿಫಲಿಸಿದ ಕಿರಣ ಅದರ ಎರಡರಷ್ಟು ತಿರುಗಿ, 30 ಮೀಟರ್ ಆಚೆಯ ಗೋಡೆಯಲ್ಲಿ 6 ಮಿಲಿಮೀಟರ್ ಸರಿಯುತ್ತದೆ. ಕೆಂಪು ಗೆರೆ ಒಂದು ಕಡೆ, ನೀಲಿ ಗೆರೆ ಇನ್ನೊಂದು ಕಡೆ ಕಾಣುವುದು ಹೀಗೆ.

ಗಾಳಿಯ ವಿಷಯ ಚಿಕ್ಕದು. 70 ವ್ಯಾಟ್ ಶಾಖವನ್ನು ಗಾಳಿ 10 ಡಿಗ್ರಿ ಮಾತ್ರ ಬಿಸಿಯಾಗುವಂತೆ ಹೊರಹಾಕಲು ಸೆಕೆಂಡಿಗೆ ಸುಮಾರು 6 ಲೀಟರ್ ಗಾಳಿ ಸಾಕು. 80 ಮಿಲಿಮೀಟರಿನ ಸಾಮಾನ್ಯ ಫ್ಯಾನಿಗೆ ಇದು ದೊಡ್ಡದಲ್ಲ. ದೂಳಿನ ಜಾಲರಿ ಹಾಕಿದರೆ ಗಾಳಿ ಬಹಳ ತಗ್ಗುವುದರಿಂದ ದುಪ್ಪಟ್ಟು ಸಾಮರ್ಥ್ಯದ್ದು ಕೊಳ್ಳಬೇಕು. ಫ್ಯಾನು ಹೊರಗೆ ಎಳೆಯುವಂತಿರದೆ ಒಳಗೆ ಊದುವಂತಿರಲಿ. ಆಗ ಪೆಟ್ಟಿಗೆಯ ಪ್ರತಿ ಸಂದಿಯಿಂದಲೂ ಗಾಳಿ ಹೊರಕ್ಕೆ ಹೋಗುತ್ತದೆ, ದೂಳು ಜಾಲರಿಯ ದಾರಿಯೊಂದನ್ನೇ ಹಿಡಿಯಬೇಕಾಗುತ್ತದೆ. ಹೊರಗೆ 43 ಇದ್ದರೆ ಒಳಗಿನ ಗಾಳಿ 53. ಇಲ್ಲಿ 85 ಡಿಗ್ರಿ ಕೆಪಾಸಿಟರ್‌ಗಳ ಬದಲು 105 ಡಿಗ್ರಿಯವನ್ನು ಹಾಕುವುದು ಹೆಚ್ಚುಗಾರಿಕೆಯಲ್ಲ. ಪ್ರತಿ 10 ಡಿಗ್ರಿಗೆ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್‌ನ ಆಯುಷ್ಯ ಅರ್ಧವಾಗುತ್ತದೆ ಎಂಬುದು ರಿಪೇರಿ ಮಾಡುವವರೆಲ್ಲ ನೆಚ್ಚಿದ ಲೆಕ್ಕ.

ಇಷ್ಟೆಲ್ಲ ಏಕೆ, ಡಯೋಡ್ ಕೆಳಗೆ ಒಂದು ಪೆಲ್ಟಿಯರ್ ಹಾಕಿದರೆ ಮುಗಿಯಿತಲ್ಲ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಪೆಲ್ಟಿಯರ್ ಶಾಖವನ್ನು ನುಂಗುವುದಿಲ್ಲ, ಒಂದು ಮೈಯಿಂದ ಇನ್ನೊಂದಕ್ಕೆ ಸಾಗಿಸುತ್ತದೆ. ಸಾಗಿಸಲು ತಾನು ತಿಂದ ವಿದ್ಯುತ್ತನ್ನೂ ಬಿಸಿ ಬದಿಗೇ ಸೇರಿಸುತ್ತದೆ. ಒಂದೆರಡು ವ್ಯಾಟ್ ಶಾಖ ಹೊತ್ತೊಯ್ಯಲು ಬಿಸಿಲುಗಾಲದಲ್ಲಿ ಅದರ ಹಲವು ಪಟ್ಟು ವಿದ್ಯುತ್ ಬೇಕಾಗಬಹುದು. ಹೊರಗಿನ ಹೀಟ್‌ಸಿಂಕ್ ಚಿಕ್ಕದಾಗಿದ್ದರೆ ಬಿಸಿ ಬದಿ 60 ಮುಟ್ಟಿ, ತಂಪು ಬದಿಯೂ ಅದರ ಹಿಂದೆಯೇ ಏರುತ್ತದೆ. ಮಳೆಗಾಲದಲ್ಲಿ ಇನ್ನೊಂದು ತೊಂದರೆ: ಗಾಳಿಯ ತೇವ ಹನಿಗಟ್ಟುವ ಉಷ್ಣತೆ ಇಲ್ಲಿ 20 ಡಿಗ್ರಿ ದಾಟುತ್ತದೆ, ಡಯೋಡನ್ನು 18ಕ್ಕೆ ಇಳಿಸಿದರೆ ಅದರ ಗಾಜಿನ ಮೇಲೇ ನೀರು ಕೂರುತ್ತದೆ. ಪೆಲ್ಟಿಯರ್ ಹಾಕುವುದಾದರೆ ಕೆಂಪೊಂದಕ್ಕೇ ಹಾಕಿ, 28–30ರಲ್ಲಿ ನಿಲ್ಲಿಸಿ, ಹೊರಗೆ ದೊಡ್ಡ ರೆಕ್ಕೆಯ ಹೀಟ್‌ಸಿಂಕ್ ಕೊಡುವುದು ಲೇಸು. ಅದಕ್ಕಿಂತ ಸರಳ ದಾರಿ, ಎರಡು ಕೆಂಪು ಡಯೋಡ್ ಹಾಕಿ ಎರಡನ್ನೂ ಅರ್ಧ ಕರೆಂಟಿನ ಸುತ್ತಮುತ್ತ ಓಡಿಸುವುದು.

ಈಗ ನಾಯ್ಸ್‌ಗೆ ಬರೋಣ. ಪೆಟ್ಟಿಗೆಯಲ್ಲಿ ಅತಿ ಸೂಕ್ಷ್ಮ ಕಿವಿಯಿರುವುದು ಗ್ಯಾಲ್ವೊಗೆ. ಕನ್ನಡಿ ಈ ಕ್ಷಣ ಯಾವ ಕೋನದಲ್ಲಿದೆ ಎಂದು ಅದರ ಬಾಲದಲ್ಲಿರುವ ಬೆಳಕಿನ ಸಂವೇದಕ ಡ್ರೈವರ್‌ಗೆ ಹೇಳುತ್ತಲೇ ಇರಬೇಕು. ಆ ಸುದ್ದಿ ಬರುವುದು ಮೈಕ್ರೊ ಆಂಪಿಯರ್‌ಗಳ ಮಟ್ಟದ ಕರೆಂಟಿನಲ್ಲಿ. ಅದೇ ಕೇಬಲ್ಲಿನಲ್ಲಿ ಕನ್ನಡಿಯನ್ನು ತಳ್ಳುವ ಆಂಪಿಯರ್‌ಗಟ್ಟಲೆ ಕರೆಂಟೂ ಹೋಗುತ್ತದೆ. ಪಕ್ಕದಲ್ಲಿ ಎಸ್‌ಎಂಪಿಎಸ್ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕರೆಂಟನ್ನು ಕಡಿದು ಜೋಡಿಸುತ್ತಿರುತ್ತದೆ. ಅದರ ನಾಯ್ಸ್ ಒಂದಿಷ್ಟು ಸಂವೇದಕದ ತಂತಿಗೆ ನುಸುಳಿದರೂ ಡ್ರೈವರ್ ಅದನ್ನು ಕನ್ನಡಿಯ ಚಲನೆ ಎಂದೇ ತಿಳಿದು ತಿದ್ದಲು ಹೊರಡುತ್ತದೆ. ನೇರ ಗೆರೆಗೆ ಹಲ್ಲು ಮೂಡುತ್ತದೆ, ಗ್ಯಾಲ್ವೊ ಕೀರಲು ದನಿ ಹೊರಡಿಸುತ್ತದೆ, ಮೋಟಾರು ಬಿಸಿಯಾಗುತ್ತದೆ. ನಾಯ್ಸ್ ಹೀಗೆ ಮತ್ತೆ ಶಾಖವಾಗಿ ಹೊಮ್ಮುವುದರಿಂದಲೇ ಇವೆರಡನ್ನೂ ಬೇರೆ ಬೇರೆ ಸಮಸ್ಯೆಗಳಂತೆ ನೋಡುವುದು ತಪ್ಪು.

ಇದಕ್ಕೆ ಮೊದಲ ಮದ್ದು ದೂರ. ಸಣ್ಣ ಸುರುಳಿಯೊಂದರ ಕಾಂತಕ್ಷೇತ್ರ ದೂರ ಎರಡರಷ್ಟಾದರೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಎಸ್‌ಎಂಪಿಎಸ್ ಮತ್ತು ಗ್ಯಾಲ್ವೊ ಡ್ರೈವರ್ ನಡುವೆ 5 ಸೆಂಟಿಮೀಟರ್ ಇದ್ದದ್ದು 10 ಆದರೆ ಸಿಗುವ ಲಾಭ ಯಾವ ಫಿಲ್ಟರ್‌ನಿಂದಲೂ ಅಷ್ಟು ಅಗ್ಗವಾಗಿ ಸಿಗದು. ಪೆಟ್ಟಿಗೆಯಲ್ಲಿ ಆ ಜಾಗವಿಲ್ಲದಿದ್ದರೆ ಸಪ್ಲೈಯನ್ನು 90 ಡಿಗ್ರಿ ತಿರುಗಿಸಿ ನೋಡಬೇಕು. ಗೋಡೆಯ ಲೋಹದ ಆಯ್ಕೆಯೂ ಮುಖ್ಯ: ಅಲ್ಯೂಮಿನಿಯಂ ಹೆಚ್ಚು ಆವರ್ತನದ ನಾಯ್ಸನ್ನು ತಡೆಯುತ್ತದೆ, 50 ಹರ್ಟ್ಸ್‌ನ ಕಾಂತಕ್ಷೇತ್ರಕ್ಕೆ ಕಬ್ಬಿಣದ ತಗಡೇ ಬೇಕು. ಫ್ಯಾನಿನ ಮೋಟಾರು ಸಣ್ಣದಾದರೂ ಅದಕ್ಕೆ ಡಯೋಡ್ ಡ್ರೈವರ್‌ನ 12 ವೋಲ್ಟಿನಿಂದ ಎಳೆ ಕೊಡಬಾರದು. ಬೇರೆ ಸಪ್ಲೈ, ಇಲ್ಲವೇ ಒಂದು ಕಾಯಿಲ್ ಮತ್ತು ಕೆಪಾಸಿಟರ್ ನಡುವೆ ಇರಲಿ.

ತಂತಿಗಳ ವಿಷಯದಲ್ಲಿ ಮನೆಯಲ್ಲಿ ಕಟ್ಟುವವರು ಎಡವುವುದು ಹೆಚ್ಚಾಗಿ ನೆಗೆಟಿವ್ ಎಳೆಯಲ್ಲಿ. ಹೋಗುವ ತಂತಿ, ಬರುವ ತಂತಿ ಎರಡನ್ನೂ ಹುರಿ ಹೊಸೆದಂತೆ ಜೊತೆಯಾಗಿ ಒಯ್ಯಬೇಕು. ನಡುವೆ ಬಿಟ್ಟ ಜಾಗವೆಲ್ಲ ನಾಯ್ಸ್ ಹಿಡಿಯುವ ಬಲೆ. ಗ್ಯಾಲ್ವೊ, ಡಯೋಡ್ ಡ್ರೈವರ್, ನಿಯಂತ್ರಣ ಬೋರ್ಡ್‌ಗಳ ನೆಗೆಟಿವ್‌ಗಳು ಸರಪಳಿಯಂತೆ ಒಂದರಿಂದ ಒಂದಕ್ಕೆ ಹಾಯದೆ ಒಂದೇ ಬೋಲ್ಟಿನಲ್ಲಿ ಸೇರಬೇಕು. ಹೊರಗಿನಿಂದ ಬರುವ, ಲೇಸರ್ ಪ್ರೊಜೆಕ್ಟರ್‌ಗಳಿಗೆ ಸಾಮಾನ್ಯವಾದ ಐಎಲ್‌ಡಿಎ ಸಂಕೇತ 25 ಪಿನ್ನಿನ ಕನೆಕ್ಟರಿನಲ್ಲಿ ಜೋಡಿ ಎಳೆಗಳಾಗಿ ಬರುತ್ತದೆ, ಒಂದು ಎಳೆ +5 ವೋಲ್ಟ್‌ಗೆ ಏರಿದಾಗ ಜೊತೆಗಾರ −5ಕ್ಕೆ ಇಳಿಯುತ್ತದೆ. ದಾರಿಯಲ್ಲಿ ಸೇರಿದ ನಾಯ್ಸ್ ಎರಡರಲ್ಲೂ ಒಂದೇ ಆಗಿರುವುದರಿಂದ ವ್ಯತ್ಯಾಸ ತೆಗೆದಾಗ ಅಳಿಸಿಹೋಗುತ್ತದೆ. ಎರಡನೇ ಎಳೆಯನ್ನು ಗ್ರೌಂಡಿಗೆ ಬೆಸೆದುಬಿಟ್ಟರೆ ಈ ಇಡೀ ಏರ್ಪಾಟು ವ್ಯರ್ಥ. ಇನ್ನೊಂದು ಎಚ್ಚರಿಕೆ: ಕೆಲವು ಡಯೋಡ್‌ಗಳ ಹೊರಮೈ ಒಂದು ವಿದ್ಯುತ್ ತುದಿಗೆ ಕೂಡಿರುತ್ತದೆ, ಹಲವು ಪವರ್ ಐಸಿಗಳ ಬೆನ್ನಿನ ತಗಡು ನೆಗೆಟಿವ್ ಸಪ್ಲೈಗೆ ಕೂಡಿರುತ್ತದೆ. ಎಲ್ಲವನ್ನೂ ಒಂದೇ ಹಲಗೆಗೆ ಬಿಗಿಯುವ ಮುನ್ನ ಮಲ್ಟಿಮೀಟರ್ ಹಿಡಿದು ನೋಡಿ, ಬೇಕಾದ ಕಡೆ ಮೈಕಾ ಹಾಳೆ ಇಡಬೇಕು.

ಅರ್ತಿಂಗ್ ನಮ್ಮಲ್ಲಿ ತೀರ ಅಲಕ್ಷ್ಯಕ್ಕೊಳಗಾದದ್ದು. ಸಪ್ಲೈಯ ನಾಯ್ಸ್ ಫಿಲ್ಟರ್ ತನ್ನ ಕೆಲಸ ಮಾಡುವುದೇ ಕಸವನ್ನು ಭೂಮಿಗೆ ಕಳಿಸಿ. ಮೂರನೇ ಪಿನ್ನಿಗೆ ಭೂಮಿಯ ಸಂಪರ್ಕವೇ ಇಲ್ಲದಿದ್ದರೆ ಫಿಲ್ಟರಿನ ಕೆಪಾಸಿಟರ್‌ಗಳ ಮೂಲಕ ಪೆಟ್ಟಿಗೆಯ ಮೈ ಸುಮಾರು 115 ವೋಲ್ಟಿನಲ್ಲಿ ತೇಲುತ್ತದೆ. ಮುಟ್ಟಿದರೆ ಜುಮ್ಮೆನ್ನುತ್ತದೆ, ಡಯೋಡ್‌ಗೂ ಅಪಾಯ. ಎರೆಭೂಮಿ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಅರ್ತಿಂಗ್ ಗುಂಡಿಯ ರೋಧ ಏರುತ್ತದೆ. ಇದ್ದಿಲು-ಉಪ್ಪು ಹಾಕಿದ ಗುಂಡಿಗೆ ಆ ತಿಂಗಳುಗಳಲ್ಲಿ ನೀರು ಹಾಕುತ್ತಿರುವುದು ಹಳೆಯ ವಯರಿಂಗ್ ಕೆಲಸಗಾರರ ಪಾಠ, ಅದು ಇಲ್ಲಿಗೂ ಅನ್ವಯ. ಒಣ ಹವೆಯಲ್ಲಿ ಮೈಯಲ್ಲಿ ಸ್ಥಾಯಿ ವಿದ್ಯುತ್ತೂ ಸುಲಭವಾಗಿ ಕೂಡುತ್ತದೆ. ಏಪ್ರಿಲಿನಲ್ಲಿ ಡಯೋಡ್ ಬೆಸೆಯುವವರು ಮಣಿಕಟ್ಟಿನ ಪಟ್ಟಿ ಕಟ್ಟಿಕೊಂಡೇ ಕೂರಬೇಕು.

ನಗರದ ಮನೆಯಲ್ಲಿ ಚೆನ್ನಾಗಿ ಓಡಿದ ಯಂತ್ರದ ನಿಜವಾದ ಪರೀಕ್ಷೆ ಕಮಲಾಪುರದಂಥ ಕಡೆ ಆಗುತ್ತದೆ. ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ಆಚೆಯ ಈ ಊರು ಕೆಂಪು ಬಾಳೆಗೆ ಹೆಸರುವಾಸಿ. ಇಂಥ ಊರುಗಳ ಜಾತ್ರೆ, ಗಣಪತಿ ಮೆರವಣಿಗೆಗಳಲ್ಲಿ ಕರೆಂಟು ಬರುವುದು ಬಾಡಿಗೆ ಜನರೇಟರಿನಿಂದ. ಡಿಜೆ ಆಂಪ್ಲಿಫೈಯರುಗಳೂ ಅದರ ಮೇಲೇ. ಬಾಸ್ ಹೊಡೆದಾಗಲೆಲ್ಲ ವೋಲ್ಟೇಜ್ ಕುಸಿಯುತ್ತದೆ. 90ರಿಂದ 264 ವೋಲ್ಟಿನವರೆಗೆ ತಾನೇ ಹೊಂದಿಕೊಳ್ಳುವ ಸಪ್ಲೈ ಇದನ್ನು ತಾಳುತ್ತದೆ. 110/220 ಸ್ವಿಚ್ ಇರುವ ಹಳೆಯ ಬಗೆಯದು ತಾಳದು. ಲ್ಯಾಪ್‌ಟಾಪ್ ಒಂದು ಬೋರ್ಡಿನಿಂದ, ಪ್ರೊಜೆಕ್ಟರ್ ದೂರದ ಇನ್ನೊಂದು ಬೋರ್ಡಿನಿಂದ ಕರೆಂಟು ಪಡೆದರೆ ಎರಡರ ಅರ್ತ್ ನಡುವಿನ ವ್ಯತ್ಯಾಸವೆಲ್ಲ ಸಂಕೇತದ ಕೇಬಲ್ಲಿನಲ್ಲಿ ಹರಿದು, ಹಾಡಿನ ತಾಳಕ್ಕೆ ಚಿತ್ರ ನಡುಗುತ್ತದೆ. ಎರಡಕ್ಕೂ ಒಂದೇ ಬೋರ್ಡ್ ಕೊಡುವುದು ಮೊದಲ ಉಪಾಯ. ಲ್ಯಾಪ್‌ಟಾಪಿನ ಅಂಕಿಗಳನ್ನು ಐಎಲ್‌ಡಿಎ ಸಂಕೇತವಾಗಿಸುವ ಈಥರ್ ಡ್ರೀಮ್‌ನಂಥ ಈಥರ್‌ನೆಟ್ ಡಿಎಸಿಯನ್ನು ಪ್ರೊಜೆಕ್ಟರ್ ಪಕ್ಕದಲ್ಲೇ ಇಡುವುದು ಇನ್ನೂ ಒಳ್ಳೆಯದು. ಈಥರ್‌ನೆಟ್ ಜೋಡಣೆಯೊಳಗೇ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಎರಡು ಬದಿಯ ಗ್ರೌಂಡ್‌ಗಳು ಮುಟ್ಟುವುದೇ ಇಲ್ಲ. ಹಗಲಿಡೀ ಟೆಂಪೊದಲ್ಲಿ ಬಿಸಿಲಿಗೆ ಬಿದ್ದ ದಪ್ಪ ಹಲಗೆ ಸಂಜೆ ಏಳಕ್ಕೂ ತಣ್ಣಗಾಗಿರುವುದಿಲ್ಲ. ಪೆಟ್ಟಿಗೆ ಬಿಳಿ ಬಟ್ಟೆಯಡಿ, ನೆರಳಲ್ಲಿ ಪ್ರಯಾಣಿಸಬೇಕು. ತಲುಪಿದ ಮೇಲೆ ಲೇಸರ್ ಹಚ್ಚದೆ ಫ್ಯಾನು ಮಾತ್ರ ಓಡಿಸಿ ಹಲಗೆಯನ್ನು ಹೊರಗಾಳಿಯ ಮಟ್ಟಕ್ಕೆ ತರಬೇಕು.

ಉಷ್ಣತೆ ಅಳೆಯುವಾಗ ಒಂದು ಮಾತು. ಪಿಸ್ತೂಲಿನಂಥ ಇನ್ಫ್ರಾರೆಡ್ ಥರ್ಮಾಮೀಟರನ್ನು ಹೊಳೆಯುವ ಅಲ್ಯೂಮಿನಿಯಂ ಕಡೆ ಹಿಡಿದರೆ ಅದು ತೋರಿಸುವುದು ಬಹುಮಟ್ಟಿಗೆ ಎದುರಿನ ಗೋಡೆಯ ಉಷ್ಣತೆಯನ್ನು. ಅಳೆಯುವ ಕಡೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಬೇಕು, ಇಲ್ಲವೇ ಥರ್ಮೊಕಪಲ್ ಬಳಸಬೇಕು.

ಬಿಸಿ ಏರಿ ಹಾಳಾಗುವುದು ಯಂತ್ರವಷ್ಟೇ ಆಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಗ್ಯಾಲ್ವೊ ಡ್ರೈವರ್‌ನ ಪವರ್ ಐಸಿ ಅತಿಯಾಗಿ ಕಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಲ್ಲುತ್ತದೆ. ಕನ್ನಡಿ ನಿಂತಿತು, ಲೇಸರ್ ಉರಿಯುತ್ತಲೇ ಇದೆ: ಓಡುತ್ತಿದ್ದ ಕಿರಣ ಈಗ ಒಂದೇ ಬಿಂದುವಿನಲ್ಲಿ. ರೆಪ್ಪೆ ಮಿಟುಕುವ ಕಾಲು ಸೆಕೆಂಡಿಗೆ ಕಣ್ಣಿನ ಪಾಪೆಯೊಳಗೆ ಹೋಗಬಹುದಾದ ಬೆಳಕಿನ ಸುರಕ್ಷಿತ ಮಿತಿ 1 ಮಿಲಿವ್ಯಾಟ್; ಇದು 2000. ಅರ್ಧ ವ್ಯಾಟ್ ದಾಟಿದ ಲೇಸರೆಲ್ಲ ನಾಲ್ಕನೇ ವರ್ಗದ್ದು, ಅತಿ ಅಪಾಯದ್ದು. 2024ರ ಗಣೇಶೋತ್ಸವದಲ್ಲಿ ಪುಣೆ ಪೊಲೀಸರು ಮೆರವಣಿಗೆಗಳಲ್ಲಿ ಲೇಸರ್ ಕಿರಣಗಳನ್ನು ನಿಷೇಧಿಸಿದ್ದು ಸುಮ್ಮನೆ ಅಲ್ಲ. ಜನರ ತಲೆಯ ಮೇಲಿನ ಎತ್ತರ ಬಿಟ್ಟು ಕಿರಣ ಕೆಳಗಿಳಿಯದಂತೆ ಪೆಟ್ಟಿಗೆಯ ಬಾಯಿಗೇ ಲೋಹದ ತಡೆಪಟ್ಟಿ ಬಿಗಿಯಬೇಕು. ಕನ್ನಡಿ ನಿಂತರೆ ಲೇಸರ್ ಆರಿಸುವ ಸ್ಕ್ಯಾನ್-ಫೇಲ್ ಬೋರ್ಡ್ ಇರಲೇಬೇಕು. ಅದರ ಜಾಗ ಗ್ಯಾಲ್ವೊ ಡ್ರೈವರ್‌ನ ಪಕ್ಕದಲ್ಲಿ, ಸಪ್ಲೈಗಳಿಂದ ದೂರ, ಏಕೆಂದರೆ ನಾಯ್ಸನ್ನು ಅದು ಕನ್ನಡಿಯ ಚಲನೆ ಎಂದು ತಪ್ಪು ತಿಳಿಯಬಾರದು. ಇದರ ಜೊತೆಗೆ ಕೆಎಸ್‌ಡಿ301ರಂಥ ಅಗ್ಗದ ದ್ವಿಲೋಹ ಸ್ವಿಚ್‌ಗಳು ಎರಡು: ಕೆಂಪು ಡಯೋಡ್‌ನ ಹಲಗೆಗೆ 50 ಡಿಗ್ರಿಯದು, ಗ್ಯಾಲ್ವೊ ಡ್ರೈವರ್‌ನ ಹೀಟ್‌ಸಿಂಕ್‌ಗೆ 70ರದ್ದು. ಎರಡನ್ನೂ ಡಯೋಡ್‌ಗಳ ಸಪ್ಲೈಯನ್ನು ಕಡಿಯುವ ಇಂಟರ್‌ಲಾಕ್ ಸರಣಿಯಲ್ಲಿ ಹಾಕಬೇಕು, ಫ್ಯಾನಿನ ಸರಣಿಯಲ್ಲಲ್ಲ. ಲೇಸರ್ ಆರಿದ ಮೇಲೂ ಗಾಳಿ ಓಡುತ್ತಿರಬೇಕು. ಈ ಸ್ವಿಚ್ ತಣ್ಣಗಾದೊಡನೆ ತಾನಾಗಿ ಮತ್ತೆ ಕೂಡಿಕೊಳ್ಳುತ್ತದೆ. ಆದ್ದರಿಂದ ನಡುವೆ ಒಂದು ಲ್ಯಾಚಿಂಗ್ ರಿಲೇ ಇಟ್ಟು, ಪೆಟ್ಟಿಗೆಯ ಹಿಂದೆ ನಿಂತವರು ಗುಂಡಿ ಒತ್ತದ ಹೊರತು ಲೇಸರ್ ಮರಳಿ ಹತ್ತದಂತೆ ಮಾಡಬೇಕು.